ದೊಡ್ಡಮ್ಮ ಕೇಳಿದ ಹುಲ್ಲಿನ ಲೆಕ್ಕ

ಕಳೆದ ತಿಂಗಳು ಬಿಡದಿ ಹತ್ತಿರದ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವಳ ಒಂದೂವರೆ ಎಕರೆಗೆ ಬೈರಮಂಗಲ ಕೆರೆ ನೀರೇ ಗತಿ. ಆ ಕೆರೆಗೆ ಬರೋದು ವೃಷಭಾವತಿ. ಅಂದ್ರೆ ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ಹೊಲಸು, ಜೊತೆಗೆ ನಾನಿರೋ ಕೆಂಗೇರಿ ಫ್ಲಾಟಿನ ಬಚ್ಚಲ ನೀರೂ.

ಹೋಗೋಕೆ ಮುಂಚೆ ಎರಡು ರಾತ್ರಿ ಕೂತು ಓದಿದ್ದೆ. ಅದೇ ಹುಮ್ಮಸ್ಸಲ್ಲಿ ಹೇಳಿದೆ: "ದೊಡ್ಡಮ್ಮಾ, ಹೊಲಕ್ಕೆಲ್ಲಾ ನೇಪಿಯರ್ ಹುಲ್ಲು ಹಾಕು. ಬೇಗ ಬೆಳೆಯುತ್ತೆ, ಮಣ್ಣಲ್ಲಿರೋ ಕ್ಯಾಡ್ಮಿಯಂ ಥರದ ವಿಷ ಹೀರ್ಕೊಳ್ಳುತ್ತೆ. ಕೊಯ್ದು ಕೊಯ್ದು ತೆಗೀತಿದ್ರೆ ಮಣ್ಣು ಸ್ವಚ್ಛ ಆಗುತ್ತೆ."

ದೊಡ್ಡಮ್ಮ ನಕ್ಕಳು. "ಅಲ್ಲ ಕಣವ್ವಾ, ಮೂಲೇಲಿ ಅದನ್ನೇ ತಾನೇ ಹಾಕಿರೋದು? ದಿನಾ ಕೊಯ್ದು ಹಸೂಗೇ ಹಾಕ್ತಿದೀನಿ. ಆ ವಿಷ ಈಗ ಎಲ್ಲಿಗೋಯ್ತು?"

ಕೈಯಲ್ಲಿ ಅದೇ ಹಸುವಿನ ಹಾಲಿನ ಕಾಫಿ ಇತ್ತು. ಉತ್ತರ ಇರಲಿಲ್ಲ.

ಹುಲ್ಲು ಲೋಹವನ್ನ ಕರಗಿಸಲ್ಲ, ಜಾಗ ಬದಲಿಸುತ್ತೆ ಅಷ್ಟೇ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಡಿಲೀಟ್ ಅಲ್ಲ, ಕಟ್ ಅಂಡ್ ಪೇಸ್ಟ್. ಹಸು ತಿಂದದ್ದರಲ್ಲಿ ಸ್ವಲ್ಪ ಅದರ ಮೂತ್ರಪಿಂಡ, ಪಿತ್ತಜನಕಾಂಗದಲ್ಲಿ ಕೂರುತ್ತೆ, ಒಂದಿಷ್ಟು ಹಾಲಿಗೂ ಬರಬಹುದು. ಹೆಚ್ಚಿನದು ಸಗಣಿಯಲ್ಲಿ ಹೊರಗೆ. ಸಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಮತ್ತೆ ಅದೇ ಹೊಲಕ್ಕೆ!

ಹಾಗಂತ ಹುಲ್ಲಿನ ಉಪಾಯ ಸುಳ್ಳಲ್ಲ. ಆದರೆ ಕೊಯ್ದ ಹುಲ್ಲು ದನಕ್ಕೂ ಹೋಗಬಾರದು, ಗೊಬ್ಬರಕ್ಕೂ ಹೋಗಬಾರದು. ಹೊಲದಲ್ಲೇ ಸುಟ್ಟರೆ ವಿಷ ಬೂದಿಯಲ್ಲೂ ಹೊಗೆಯಲ್ಲೂ ಉಳಿಯುತ್ತೆ. ಹೊಗೆ ಹಿಡಿಯೋ ಕುಲುಮೆಯಲ್ಲಿ ಸುಟ್ಟು, ಬೂದಿಯನ್ನ ಅಪಾಯಕಾರಿ ತ್ಯಾಜ್ಯದ ಹಾಗೇ ವಿಲೇವಾರಿ ಮಾಡಬೇಕು. ಸೀಸವಂತೂ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಸುಲಭಕ್ಕೆ ಬೇರಿಗೆ ಸಿಗಲ್ಲ. ಲಾವಂಚ ಲೋಹವನ್ನ ಹೆಚ್ಚಾಗಿ ಬೇರಲ್ಲೇ ಹಿಡಿದಿಡುತ್ತೆ. ವಿಷ ಹರಡದ ಹಾಗೆ ತಡೆಯೋಕೆ ಒಳ್ಳೇದು, ತೆಗೀಬೇಕಂದ್ರೆ ಬೇರು ಸಮೇತ ಅಗೀಬೇಕು. ಇಷ್ಟೆಲ್ಲಾ ಮಾಡಿದ್ರೂ ಕೆಲಸ ವರ್ಷಗಟ್ಟಲೆಯದ್ದು. ಅಷ್ಟು ವರ್ಷ ಹೊಲದಿಂದ ಬರೋ ಆದಾಯ ಯಾರು ಕೊಡ್ತಾರೆ? ಮೇಲಿಂದ ಅದೇ ನೀರು ಬರ್ತಾನೇ ಇದ್ರೆ, ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ದೊಡ್ಡಮ್ಮನ ಹತ್ರ ಮಣ್ಣು ಆರೋಗ್ಯ ಚೀಟಿ ಇದೆ. ಸಾರಜನಕ, ರಂಜಕ, ಸತು ಅಂತ 12 ಅಂಶ ಅದರಲ್ಲಿವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಅದನ್ನ ಬೇರೆಯಾಗಿ ಕೇಳಿ ಮಾಡಿಸಬೇಕು. ನಿಮ್ಮ ಊರಲ್ಲೂ ಇಂಥ ನೀರು ಹಾಯಿಸ್ತಿದ್ರೆ ದಯವಿಟ್ಟು ಹೆಸರು ಹೇಳಿಯೇ ಕೇಳಿ. ಮಣ್ಣಿನ ಜೊತೆ ಹುಲ್ಲನ್ನೂ ಕೊಡಿ.

ನಾನು ಎರಡನ್ನೂ ಚೀಲದಲ್ಲಿ ಕಟ್ಟಿಕೊಂಡು ಬಂದು ಬೆಂಗಳೂರಿನ ಒಂದು ಲ್ಯಾಬಿಗೆ ಕೊಟ್ಟಿದ್ದೀನಿ. ಅಲ್ಲೀವರೆಗೂ ದೊಡ್ಡಮ್ಮ ಮೂಲೆ ಹುಲ್ಲನ್ನ ಹಸುಗಳಿಗೆ ಹಾಕ್ತಿಲ್ಲ, ಕೆರೆ ನೀರು ತಾಕದ ಊರಿಂದ ಮೇವು ತರಿಸ್ತಿದಾಳೆ. ಆ ದುಡ್ಡು ನಾನೇ ಕೊಡ್ತೀನಿ ಅಂದಾಗ ಬೇಡ ಅಂದಳು. ಎರಡನೇ ಸಲ ಹೇಳಿದಾಗ ಸುಮ್ಮನಾದಳು.

ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೀತೀನಿ.