ಹಸುವಿನ ಮೈಯ ಉಣುಗು ಕಂಡಿತು, ನಮ್ಮ ಮೈಯದು?



ದೀಪಾವಳಿಯ ಗೋಪೂಜೆಗೆ ಹಸುವಿನ ಮೈ ತೊಳೆಯುವಾಗ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಕೈಯಾಡಿಸುತ್ತೀರಿ. ಉಣುಗು ಸಿಕ್ಕರೆ ಅಂದೇ ಔಷಧಿ ತರಿಸುತ್ತೀರಿ, ಏಕೆಂದರೆ ಉಣುಗು ಹೆಚ್ಚಾದರೆ ಹಾಲು ಇಳಿಯುತ್ತದೆ, ಥೈಲೇರಿಯಾ ಜ್ವರ ಬರುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಕಾಡಿನಿಂದ ದರಗಿನ ಹೊರೆ ಹೊತ್ತು ಬಂದ ದಿನ ನಿಮ್ಮ ಕುತ್ತಿಗೆ, ಕಂಕುಳು, ಮೊಣಕಾಲ ಹಿಂಭಾಗವನ್ನು ಎಷ್ಟು ಸಲ ನೋಡಿಕೊಂಡಿದ್ದೀರಿ?

ನಾನು ನೋಡಿಕೊಂಡವಳಲ್ಲ. ನಮ್ಮ ಮಹಿಳಾ ಸಂಘಕ್ಕೆ ಹಾಲು ಹಾಕುವ ಗೆಳತಿಯೊಬ್ಬಳು ಜ್ವರ ಬಂದರೂ ನಾಲ್ಕು ದಿನ ಆಸ್ಪತ್ರೆಗೆ ಹೋಗಲಿಲ್ಲ. ಕೇಳಿದರೆ, "ಹಸು ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ ಅಕ್ಕಾ" ಎಂದಳು. ಐದನೆಯ ದಿನ ಎತ್ತಿಕೊಂಡೇ ಹೋಗಬೇಕಾಯಿತು. ಬದುಕಿ ಬಂದಳು, ಆದರೆ ತಿಂಗಳುಗಟ್ಟಲೆ ತುಂಬಿದ ಬಕೆಟ್ ಎತ್ತಲಾಗಲಿಲ್ಲ. ಅಂದಿನಿಂದ ಈ ಮಾತು ಹೇಳಬೇಕೆಂದು ಕಾಯುತ್ತಿದ್ದೆ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಮಾಡಿದ ಹಾವಳಿಯನ್ನು ಯಾರೂ ಮರೆತಿಲ್ಲ. ಹೆಸರು ಮಂಗನದ್ದಾದರೂ ರೋಗ ಹರಡುವುದು ಉಣುಗು. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಕಡವೆ, ಜಿಂಕೆಗಳ ರಕ್ತ ಹೀರಿ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಅದರ ಎಳೆಯ ಮರಿಗಳು ನವೆಂಬರ್‌ನಿಂದ ಮೇವರೆಗೆ ತರಗೆಲೆಯಲ್ಲಿ ಕಾದಿರುತ್ತವೆ. ಹೆಚ್ಚಾಗಿ ಮನುಷ್ಯರನ್ನು ಕಚ್ಚುವುದು ಇವೇ. ಗಾತ್ರ ರಾಗಿ ಕಾಳಿನಷ್ಟು, ಕಚ್ಚಿದ್ದೂ ತಿಳಿಯುವುದಿಲ್ಲ.

ಈಗ ಲೆಕ್ಕ ಹಾಕಿ. ಎಲೆ ಉದುರುವುದು ಆ ತಿಂಗಳುಗಳಲ್ಲೇ, ಕೊಟ್ಟಿಗೆಗೆ ದರಗು ಗುಡಿಸಿ ತರುವುದೂ ಆಗಲೇ. ಗುಡಿಸುವವರು ಯಾರು? ನಾವೇ. ಹೀಗಾಗಿ ನನ್ನ ಅಭಿಪ್ರಾಯ ನೇರವಾಗಿದೆ: ಕಾಯಿಲೆ ಕಾಣಿಸಿಕೊಳ್ಳುವ ಊರುಗಳಲ್ಲಿ ಆ ತಿಂಗಳುಗಳಲ್ಲಿ ಕಾಡಿನ ದರಗು ಕೊಟ್ಟಿಗೆಗೆ ಬರಬಾರದು.

"ದರಗಿಲ್ಲದೆ ಗೊಬ್ಬರ ಎಲ್ಲಿಂದ? ತೋಟಕ್ಕೆ ಏನು ಹಾಕುವುದು?" ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೋಟದ್ದೇ ಸೋಗೆ, ಹಾಳೆಯನ್ನು ಕತ್ತರಿಸಿ ಹಾಸಬಹುದು. ಅಡಿಕೆ ಸಿಪ್ಪೆ, ದನ ತಿಂದುಳಿದ ಹುಲ್ಲು, ಮರದ ಹೊಟ್ಟು ಇವೆ. ಬೇಲಿಗೆ ಗ್ಲಿರಿಸಿಡಿಯಾ ನೆಟ್ಟರೆ ಸೊಪ್ಪು ಮನೆಬಾಗಿಲಲ್ಲೇ ಸಿಗುತ್ತದೆ. ಗೊಬ್ಬರ ಸ್ವಲ್ಪ ಕಡಿಮೆಯಾಗಬಹುದು, ಒಪ್ಪುತ್ತೇನೆ. ಆದರೆ ಈ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆ ಅದನ್ನು ನಿಲ್ಲಿಸಲಾಗಿದೆ. ಒಂದು ಗಾಡಿ ಗೊಬ್ಬರಕ್ಕೆ ಇಷ್ಟು ಬೆಲೆ ತೆರಬೇಕೇ?

ಸೌದೆಗೋ ದನ ಹೊಡೆದುಕೊಂಡು ಬರಲೋ ಕಾಡಿಗೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಕಾಲುಚೀಲ ಹಾಕಿ. ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಅಟ್ಟದ ಮೇಲೆ ಇಡುವುದಕ್ಕಲ್ಲ. ಹೊರಡುವ ಮೊದಲೇ ಕೈಕಾಲಿಗೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಂಡು ಆಮೇಲೆ ಹಾಲು ಕರೆಯಿರಿ. ತೈಲದ ಕೈ ಕೆಚ್ಚಲಿಗೆ ತಾಗಬಾರದು. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು ಬೇಡ.

ಮನೆ, ಕೊಟ್ಟಿಗೆಗಳ ಸುತ್ತ ತರಗೆಲೆ, ಪೊದೆ ಇಲ್ಲದಂತೆ ಬಯಲು ಮಾಡಿ. ಮಕ್ಕಳು ಆಡುವ ಅಂಗಳಕ್ಕೆ ಹೊರೆ ಇಳಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ; ಅದರ ಮೈಯಿಂದ ಇಳಿದ ಉಣುಗು ಸುತ್ತಲೇ ಇರುತ್ತದೆ.

ಮೇಯಲು ಹೋಗುವ ಹಸುವಿಗೆ ಉಣುಗಿನ ಔಷಧವನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ಔಷಧ ಹಾಕಿದ ಮೇಲೆ ಎಷ್ಟು ದಿನ ಹಾಲು ಡೇರಿಗೆ ಕೊಡಬಾರದು ಎಂಬುದನ್ನೂ ಕೇಳಿ, ಆ ದಿನಗಳನ್ನು ಪಾಲಿಸಿ. ಹಸುವಿಗೆ ಈ ಕಾಯಿಲೆ ಬರುತ್ತದೆಂಬ ಭಯ ಬೇಡ. ಹಾಲಿನಿಂದ ಮನುಷ್ಯರಿಗೆ ಬಂದ ದಾಖಲೆಯೂ ಇಲ್ಲ. ಕಾಯಿಸಿ ಕುಡಿಯುವ ಅಭ್ಯಾಸ ಮಾತ್ರ ಬಿಡಬೇಡಿ.

ಕಾಡಿಗೆ ಹೋಗಿಬಂದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟ ಕಾಲುಗಳಲ್ಲಿ ತಡೆಯಲಾಗದ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗಬೇಡಿ. ರಕ್ತಸ್ರಾವದ ಅಪಾಯವಿರುವುದರಿಂದ ಕೆಲವು ನೋವಿನ ಮಾತ್ರೆಗಳು ಕೇಡು ಮಾಡುತ್ತವೆ. ಆಸ್ಪತ್ರೆಯಲ್ಲಿ "ಕಾಡಿಗೆ ಹೋಗಿದ್ದೆ" ಎಂಬ ಮಾತನ್ನು ಮೊದಲು ಹೇಳಿ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಬಹುದು, ಎಚ್ಚರವಿರಲಿ.

ಕೊನೆಗೆ ಎರಡು ಮಾತು. ಒಕ್ಕೂಟದವರಲ್ಲಿ ವಿನಂತಿ: ಕಾಡಂಚಿನ ಸಂಘಗಳಿಗೆ ರಬ್ಬರ್ ಮ್ಯಾಟ್ ಕೊಡುವಾಗ ಮೊದಲ ಸರದಿ ಕೊಡಿ, ಹಾಲು ಅಳೆಯುವ ಜಾಗದಲ್ಲೇ ಡೆಪಾ ತೈಲ ಸಿಗುವಂತೆ ಆರೋಗ್ಯ ಇಲಾಖೆಯೊಂದಿಗೆ ಮಾತಾಡಿ. ನಿಮ್ಮಲ್ಲಿ ವಿನಂತಿ: ಮನೆಯಲ್ಲಿ ಇನ್ನೊಬ್ಬರಿಗೆ, ಗಂಡನಿಗಾಗಲಿ ಮಗನಿಗಾಗಲಿ, ಇಂದಿನಿಂದಲೇ ಹಾಲು ಕರೆಯುವುದನ್ನು ರೂಢಿ ಮಾಡಿಸಿ. ನಾಳೆ ನಿಮಗೆ ಜ್ವರ ಬಂದರೆ, ಹಸುವಿನ ಕಾರಣಕ್ಕೆ ಒಂದು ದಿನವೂ ತಡವಾಗಬಾರದು.