ಸ್ವರದ ಚುಕ್ಕೆ ಕನ್ನಡಕ್ಕೆ ದುಬಾರಿಯೇ?

ತರುಣ ಕನ್ನಡಿಗರೇ, ನವಲಿಯ ಪ್ರೆಸ್ಸಿನವನೊಬ್ಬನ ಸಂಕಟ ಕೇಳಿ!

ಸಂಗೀತದ ಮಾಸ್ತರರೊಬ್ಬರು ಸ್ವರಲಿಪಿ ತಂತ್ರಾಂಶದಲ್ಲಿ ಮಾಡಿದ ಪಾಠವನ್ನು ಅಚ್ಚಿಗೆ ತಂದರು. ತೆರೆದರೆ ಸರಿಗಮದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಸ! ಹಳೆಯ ಆಸ್ಕಿ ಫಾಂಟಿನ ಹಣೆಬರಹವೇ ಅದು: ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟಿಲ್ಲದ ಗಣಕದಲ್ಲಿ ವೇಷ ಕಳಚಿಬೀಳುತ್ತದೆ.

ಯೂನಿಕೋಡಿಗೆ ಬದಲಿಸಿದೆ. ಅಕ್ಷರ ಬಂದವು, ಚುಕ್ಕೆ ಜಾರಿದವು! ತಾರಸ್ಥಾಯಿಗೆ ಮೇಲೆ, ಮಂದ್ರಕ್ಕೆ ಕೆಳಗೆ ಚುಕ್ಕೆ ಬೇಕು. ಯೂನಿಕೋಡಿನಲ್ಲಿ ಅವಕ್ಕೆ 0307, 0323 ಎಂಬ ಸಂಕೇತಗಳಿವೆ; ನನ್ನ ಕನ್ನಡ ಫಾಂಟಿನಲ್ಲಿ ಜಾಗವಿಲ್ಲ. ಚುಕ್ಕೆ ತಪ್ಪಿದರೆ ಸ್ಥಾಯಿ ತಪ್ಪಿತು, ಮಗು ತಪ್ಪನ್ನೇ ಹಾಡಿತು!

ಪಾಶ್ಚಾತ್ಯ ಸ್ವರಚಿಹ್ನೆಗಳಿಗೆ 2013ರಲ್ಲೇ ಸ್ಮೂಫಲ್ ಎಂಬ ಮಾನದಂಡ, ಬ್ರವೂರಾ ಎಂಬ ಉಚಿತ ಫಾಂಟು ಬಂದವು. ಪಂಚಾಕ್ಷರಿ ಗವಾಯಿಗಳ, ಮಲ್ಲಿಕಾರ್ಜುನ ಮನ್ಸೂರರ ನಾಡಿನ ಅಕ್ಷರಕ್ಕೆ ಎರಡು ಚುಕ್ಕೆ ಹೆಚ್ಚಾದವೇ?

ಬಾವುಟ ಹಿಡಿದರೆ ಸಾಲದು. ಆಸ್ಕಿ ಬಿಡಿ, ಯೂನಿಕೋಡಿನಲ್ಲೇ ಬರೆಯಿರಿ. ಅಚ್ಚಿಗೆ ಫಾಂಟು ಅಡಕವಾದ ಪಿಡಿಎಫ್ ಕೊಡಿ. ಗಣಕ ಬಲ್ಲ ಹುಡುಗರೇ, ಲೋಹಿತ್‌ನಂಥ ಮುಕ್ತ ಫಾಂಟು ತಿದ್ದಲು ಪರವಾನಗಿಯೇ ಇದೆ. ಕೂತು ಚುಕ್ಕೆ ಕೂರಿಸಿ! ಸರ್ಕಾರವೇ, ಈ ಕೆಲಸಕ್ಕೆ ದುಡ್ಡು ಬಿಚ್ಚು! ಗಣಕದಲ್ಲಿ ಕನ್ನಡ ಬರೆದರಷ್ಟೇ ಸಾಲದು, ಹಾಡಲೂ ಬೇಕು!