ಯಾರ ಅಪ್ಪಣೆ ಬೇಕಿತ್ತು?

ಜಪಾನಿನ ಗಾಯಕ ಯೋಶಿದಾ ತಕುರೊ ಅವರ ಬಗ್ಗೆ ಸಹೋದರ ಪತ್ರಿಕೆಯೊಂದು ಈಚೆಗೆ ಎರಡು ಪುಟ ಬರೆಯಿತು. ‘ಜಪಾನಿನ ಡಿಲನ್’ ಎಂದು ಶುರು, ‘ಕೊನೆಗೆ ಮಾರುಕಟ್ಟೆಗೆ ಶರಣಾದರು’ ಎಂಬ ಷರಾದೊಂದಿಗೆ ಮುಕ್ತಾಯ. ಹೊಗಳಿಕೆಯೂ ಎರವಲು, ತೆಗಳಿಕೆಯೂ ಎರವಲು.

ಈ ತೆಗಳಿಕೆಗೆ ಅರ್ಧ ಶತಮಾನ ವಯಸ್ಸಾಗಿದೆ. ಹಿರೋಶಿಮಾದಲ್ಲಿ ಬೆಳೆದ ತಕುರೊ 1970ರಲ್ಲಿ ಮೊದಲ ರೆಕಾರ್ಡ್ ತಂದಾಗ ಜಪಾನಿನಲ್ಲಿ ಫೋಕ್ ಎಂದರೆ ಯುದ್ಧವಿರೋಧ, ಪ್ರತಿಭಟನೆ, ಗಾಯಕ ಒಕಾಬಯಾಶಿ ನೊಬುಯಾಸು. 1972ರಲ್ಲಿ ತಕುರೊ ‘ಕೆಕ್ಕೊನ್ ಶಿಯೊ ಯೊ’ ಹಾಡಿದರು. ಮದುವೆಯಾಗೋಣ ಬಾ ಎನ್ನುವುದಷ್ಟೇ ಅದರ ಹೂರಣ. ಹಾಡು ದೇಶವನ್ನೇ ಹಿಡಿಯಿತು, ಮಡಿವಂತರಿಗೆ ಮೈಲಿಗೆಯಾಯಿತು. ವೇದಿಕೆ ಹತ್ತಿದರೆ ‘ವಾಪಸ್ ಹೋಗು’ ಎಂಬ ಕೂಗು! ಕ್ರಾಂತಿಯ ಹಾಡು ಕೇಳಲು ಬಂದವರಿಗೆ ಹುಡುಗನೊಬ್ಬ ಹುಡುಗಿಯನ್ನು ಮದುವೆಗೆ ಕರೆಯುವುದು ಅಷ್ಟು ದೊಡ್ಡ ಅಪರಾಧವಾಗಿ ಕಂಡಿತೆ?

ಮಾರುಕಟ್ಟೆಗೆ ಶರಣಾದವರು ಟೀವಿಯ ಹಾಡಿನ ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತಾರೆಯೆ? ಖ್ಯಾತಿಯ ಉತ್ತುಂಗದಲ್ಲಿ ತಕುರೊ ಹಿಡಿದರು. (1996ರ ಹೊತ್ತಿಗೆ ಕಿಂಕಿ ಕಿಡ್ಸ್ ಎಂಬ ಪಾಪ್ ಜೋಡಿಯ ಹುಡುಗರ ಜೊತೆ ಟೀವಿಯಲ್ಲಿ ಕೂತರು, ನಿಜ. ಐವತ್ತು ತುಂಬಿದವರು ತುಸು ಸಡಿಲವಾದರೆ ಏನೀಗ?) 1975ರಲ್ಲಿ ಗಾಯಕರಾದ ಇನೊಉಎ ಯೋಸುಯಿ, ಇಜುಮಿಯಾ ಶಿಗೆರು, ಕೊಮುರೊ ಹಿತೊಶಿ ಅವರೊಂದಿಗೆ ಸೇರಿ ‘ಫಾರ್ ಲೈಫ್’ ರೆಕಾರ್ಡ್ ಕಂಪನಿ ಕಟ್ಟಿದರು. ಹಾಡುವವರೇ ಮಾಲೀಕರು! ಕಂಪನಿಗಳ ಕೂಲಿಯಾಳುಗಳಾಗಿದ್ದವರು ಅಂಗಡಿಯನ್ನೇ ತೆರೆದದ್ದು ಶರಣಾಗತಿಯಾದರೆ ಬಂಡಾಯ ಯಾವುದು? ಅದೇ ವರ್ಷದ ಆಗಸ್ಟಿನಲ್ಲಿ ತ್ಸುಮಗೊಯಿ ಎಂಬಲ್ಲಿ ತಕುರೊ ಅವರ ರಾತ್ರಿಯಿಡೀ ಕಚೇರಿ. ಸೇರಿದ್ದವರು 50,000ಕ್ಕೂ ಹೆಚ್ಚು ಜನ. ಇವರೆಲ್ಲರಿಗೂ ಅಭಿರುಚಿ ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಸಂಗತಿ ಆ ಎರಡು ಪುಟಗಳಲ್ಲಿ ಇಲ್ಲವೇ ಇಲ್ಲ. ಎಂಕಾ ಎಂಬ ಹಳೆಯ ಧಾಟಿಯ ಭಾವುಕ ಹಾಡುಗಳ ಗಾಯಕ ಮೊರಿ ಶಿನ್‌ಇಚಿಗಾಗಿ ತಕುರೊ ರಾಗ ಹಾಕಿದ ‘ಎರಿಮೊ ಮಿಸಾಕಿ’ 1974ರ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆಯಿತು. ಸಾಹಿತ್ಯ ಒಕಾಮೊತೊ ಒಸಾಮಿಯದು. ಫೋಕ್‌ನವರು ಹಳಬರ ಸರಕೆಂದು ಮೂಗು ಮುರಿಯುತ್ತಿದ್ದ ಎಂಕಾ ಕಂಠಕ್ಕೆ ಗಿಟಾರ್ ಹುಡುಗನ ರಾಗ. ಎರಡು ಪಂಗಡಗಳ ನಡುವಿನ ಗೋಡೆಯನ್ನು ಪ್ರಬಂಧ ಬರೆದು ಯಾರೂ ಕೆಡವಲಿಲ್ಲ, ಆ ಒಂದು ಹಾಡು ಕೆಡವಿತು. ನನ್ನ ಮಟ್ಟಿಗೆ ತಕುರೊ ಅವರ ದೊಡ್ಡ ಕೆಲಸ ಇದೇ, ತ್ಸುಮಗೊಯಿ ಅಲ್ಲ.

ತಕುರೊ 2022ರಲ್ಲಿ ಹಾಡುವುದನ್ನು ನಿಲ್ಲಿಸಿದರು, ಯಾರೂ ವಾಪಸ್ ಹೋಗೆಂದು ಕೂಗದಿದ್ದಾಗ.

ಈ ಸಂಚಿಕೆ ಜನಪ್ರಿಯ ಹಾಡಿನ ವಿಶೇಷಾಂಕ. ಮುಂದಿನದಕ್ಕೆ ಬರೆಯುವವರಲ್ಲಿ ಒಂದು ವಿನಂತಿ: ಯಾವ ದೇಶದ ಡಿಲನ್ನನನ್ನೂ ದಯವಿಟ್ಟು ಕಳಿಸಬೇಡಿ.